ನಾಯಿಗಳು ನಿಶ್ಚಿಂತೆಯಿಂದ ಮಲಗುವ ಊರು

ನಡುರಸ್ತೆಯಲ್ಲಿ ನಾಯಿ ಮಲಗಿದ್ದರೆ ಅದನ್ನು ಎಬ್ಬಿಸದೆ ಕಾರುಗಳೇ ಸುತ್ತಿ ಹೋಗುವ ರಾಜಧಾನಿಯೊಂದು ಈ ಭೂಮಿಯ ಮೇಲಿದೆ ಎಂದು ದುಬೈಯಲ್ಲಿರುವ ಉತ್ತರ ಕರ್ನಾಟಕದ ಮಂದಿಗೆಲ್ಲ ಗೊತ್ತಾದದ್ದು ಮಧುಮತಿಯಿಂದ. ಒಂದು ಸಲ ಹೇಳಿ ಸುಮ್ಮನಾಗುವ ಹೆಂಗಸಲ್ಲ ಅವಳು. ಗೃಹಪ್ರವೇಶವಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ತಟ್ಟೆ ಕೈಗೆ ಬರುವಷ್ಟರಲ್ಲಿ ವಿಯೆಂಟಿಯಾನ್ ಮಾತು ಬಂದೇ ಬರುತ್ತಿತ್ತು. ಗಂಡ ಗುರುಪಾದಪ್ಪ ಅಲ್ ಕೂಜ್‌ನ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. "ಆ ನಾಯಿ ಸುದ್ದಿ ಒಂದು ಬಿಟ್ಟು ಬ್ಯಾರೆ ಏನರೆ ಹೇಳ" ಎಂದು ಅವನು ಕೈ ಮುಗಿಯುತ್ತಿದ್ದ.

ಧಾರವಾಡದ ಹೆಣ್ಣುಮಗಳು, ವಯಸ್ಸು ನಲವತ್ತೆಂಟು. ಅಲ್ ನಹ್ದಾದ ಪುಟ್ಟ ಟ್ರಾವೆಲ್ಸ್ ಆಫೀಸೊಂದರಲ್ಲಿ ಕೂತು ಹತ್ತೊಂಬತ್ತು ವರ್ಷದಿಂದ ಲೋಕದವರನ್ನೆಲ್ಲ ವಿಮಾನ ಹತ್ತಿಸುತ್ತಿದ್ದಳು. ಸ್ವಿಟ್ಜರ್ಲೆಂಡಿಗೆ, ಬಾಲಿಗೆ, ಜಾರ್ಜಿಯಾಕ್ಕೆ. ತಾನು ಹತ್ತಿದ್ದು ಮಾತ್ರ ಊರಿಗೆ ಹೋಗುವ ವಿಮಾನ, ಊರಿಂದ ಬರುವ ವಿಮಾನ. ಮೂರು ವರ್ಷದ ಹಿಂದೆ ಟ್ರಾವೆಲ್ಸ್‌ನವರಿಗೆಂದೇ ಇಟ್ಟ ಒಂದು ಪುಕ್ಕಟೆ ಪ್ರವಾಸಕ್ಕೆ ಮಾಲೀಕರು ಹೋಗಲಾಗದೆ ಇವಳನ್ನು ಕಳಿಸಿದರು. ಆರು ದಿನ, ಲಾವೋಸ್ ದೇಶದ ರಾಜಧಾನಿ ವಿಯೆಂಟಿಯಾನ್.

ಹೋದ ಮೊದಲ ದಿನವೇ ಅವಳಿಗೆ ದಿಗಿಲಾಗಿತ್ತು. ರಾಜಧಾನಿ ಅನ್ನುತ್ತಾರೆ, ಒಬ್ಬನೂ ಹಾರ್ನ್ ಹೊಡೆಯುವುದಿಲ್ಲ. ಮಧ್ಯಾಹ್ನ ಅಂಗಡಿಯವಳು ಗಲ್ಲಾಪೆಟ್ಟಿಗೆಯ ಮೇಲೆಯೇ ತಲೆಯಿಟ್ಟು ಮಲಗಿರುತ್ತಾಳೆ, ಬೇಕಾದರೆ ಎಬ್ಬಿಸಬೇಕು. ಎರಡನೆಯ ದಿನ ಮಧುಮತಿಯೂ ಮಲಗಿದಳು. ಮದುವೆಯಾದ ಮೇಲೆ ಜ್ವರವಿಲ್ಲದೆ ಹಗಲು ಮಲಗಿದ್ದು ಅದೇ ಮೊದಲು. ಎದ್ದಾಗ ಕಣ್ಣಲ್ಲಿ ನೀರಿತ್ತು ಎಂದು ಗಂಡನಿಗೂ ಹೇಳಿಲ್ಲ.

ಬಂದವಳು ಎರಡು ಪುಟದ ಟಿಪ್ಪಣಿ ಬರೆದು ಊರವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮೊದಲನೆಯ ಮಾತು, ಅವಸರ ಮಾಡಬೇಡಿ, ಅಲ್ಲಿ ಯಾರೂ ಮಾಡುವುದಿಲ್ಲ. ನದಿಯಿಂದ ಎರಡು ಓಣಿ ಒಳಗೆ ರೂಮು ಹಿಡಿಯಿರಿ, ಸಂಜೆ ನಡೆದೇ ಮೆಕಾಂಗ್ ದಂಡೆಗೆ ಹೋಗಬಹುದು. ಪತೂಸಾಯ್ ಕಮಾನಿನ ಮೆಟ್ಟಿಲು ಬೆಳಿಗ್ಗೆಯೇ ಹತ್ತಿ, ಬಿಸಿಲೇರಿದರೆ ಮೊಣಕಾಲು ಒಲ್ಲೆ ಅನ್ನುತ್ತದೆ. ಬುದ್ಧನ ಪಾರ್ಕಿಗೆ ಟ್ಯಾಕ್ಸಿ ಬೇಡ, ಹದಿನಾಲ್ಕನೇ ನಂಬರಿನ ಬಸ್ಸಿದೆ. ಗುಡಿಗೆ ಹೋಗುವಾಗ ಭುಜ ಮುಚ್ಚಿರಲಿ. ಸಸ್ಯಾಹಾರಿಗಳು ಮೀನಿನ ಸಾಸ್ ಬೇಡವೆಂದು ಮೊದಲೇ ಹೇಳಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆಗಿರಲಿ. ಬಜಾರಿನಲ್ಲಿ ನನ್ನ ತಂಗಿ ಸೌಂದರ್ಯಾಳಿಗೆ ಬದನೆಕಾಯಿ ಬಣ್ಣದ ರೇಷ್ಮೆ ಶಾಲು ತಂದೆ, ನೀವೂ ತನ್ನಿ. ಕೊನೆಯಲ್ಲಿ ನಾಯಿ. ಇದನ್ನು ಓದಿದ ಮೇಲೆ ಅವಳಿಗೆ ಲಾವೋಸ್ ಅಕ್ಕಾರು ಎಂಬ ಹೆಸರೇ ಬಿತ್ತು.

ಕಳೆದ ಬೇಸಿಗೆಯಲ್ಲಿ ಆಫೀಸಿಗೆ ಒಬ್ಬ ಬರತೊಡಗಿದ. ಇಸ್ತ್ರಿ ಮುರಿಯದ ಅಂಗಿ, ಬಾಗಿಲು ತೆರೆಯುವ ಮೊದಲೇ ಒಳಗೆ ಬರುವ ಅತ್ತರಿನ ವಾಸನೆ. ಮಧುಮತಿ ಅವನನ್ನು ಅತ್ತರ್ ಸಾಹೇಬ ಎಂದೇ ಕರೆಯುತ್ತಿದ್ದಳು. ನಾನು ಹುಡುಗರನ್ನು ಪ್ರವಾಸಕ್ಕೆ ಕಳಿಸುತ್ತೇನೆ, ನಿಮ್ಮ ಟಿಪ್ಪಣಿ ಅದ್ಭುತ, ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದ. ಯಾರಾದರೂ ಅಷ್ಟು ಹೊಗಳಿದರೆ ಇವಳು ಸುಮ್ಮನಿರುತ್ತಾಳೆಯೇ! ರಜೆಯ ಶನಿವಾರವೆಲ್ಲ ಕೂತು ಬರೆದುಕೊಟ್ಟಳು. ಹುಡುಗರು ಒಬ್ಬೊಬ್ಬರಾಗಿ ಬಂದರು. ಹೋಗುವ ಟಿಕೆಟ್ ನಿಜದ್ದು. ಹಿಂದಿರುಗುವುದು ದುಡ್ಡು ಕಟ್ಟದೆ ಬರೀ ಕಾಯ್ದಿರಿಸಿದ್ದು, ನಾಲ್ಕು ದಿನದಲ್ಲಿ ತಾನೇ ರದ್ದಾಗುವಂಥದ್ದು. ಹಿಂದಿರುಗುವ ತಾರೀಖು ಗೊತ್ತಿಲ್ಲದವರಿಗೆ ಎಲ್ಲರೂ ಮಾಡಿಕೊಡುವುದೇ ಅದು ಎಂದು ಅವಳೂ ಮಾಡಿಕೊಟ್ಟಳು.

ಹನ್ನೊಂದು ಹುಡುಗರು ಹೋದರು. ಇವಳ ಖುಷಿ ಹೇಳತೀರದು. ಮುಧೋಳದ ಆದರ್ಶ ಎಂಬವನಿಗಂತೂ ತಾನೇ ಕುಟ್ಟಿದ ಶೇಂಗಾ ಚಟ್ನಿಯ ಪೊಟ್ಟಣ ಕೊಟ್ಟು, "ನಾಯಿ ಮಲಗಿದ್ದರ ಫೋಟೋ ಕಳಸಬೇಕ್ ನೋಡಪಾ" ಎಂದಿದ್ದಳು. ಅವನು ತಲೆಯಾಡಿಸಿದ್ದ. ಹನ್ನೊಂದು ಮಂದಿಯಲ್ಲಿ ಒಬ್ಬನೂ ಒಂದು ಫೋಟೋ ಕಳಿಸಲಿಲ್ಲ. ಕೆಲಸ ಮುಗಿದ ಮೇಲೆ ಯಾರ ನೆನಪು ಯಾರಿಗೆ ಎಂದು ಮಧುಮತಿ ಮನಸ್ಸಿನಲ್ಲೇ ಅವರನ್ನು ಬೈದುಕೊಂಡಿದ್ದಳು.

ಇದೆಲ್ಲ ಆ ಭಾನುವಾರದ ಮಧ್ಯಾಹ್ನದವರೆಗಿನ ಕತೆ.

ಅವತ್ತು ಊಟಕ್ಕೆ ಅಭಿಜೀತ ಬಂದಿದ್ದ. ಗುರುಪಾದಪ್ಪನ ಪಕ್ಕದ ವರ್ಕ್‌ಶಾಪಿನ ಎಸಿ ಮೆಕ್ಯಾನಿಕ್, ವಿಜಯಪುರದ ಕಡೆಯವನು, ಇಪ್ಪತ್ತಾರು ವರ್ಷ. ಕೆಲಸ ಬಿಟ್ಟಿದ್ದ, ವೀಸಾ ಕ್ಯಾನ್ಸಲ್ ಆಗಿತ್ತು. ಅವತ್ತೇ ಸಂಜೆ ವಿಮಾನ, ಬ್ಯಾಂಕಾಕ್ ಮೇಲೆ ವಿಯೆಂಟಿಯಾನ್‌ಗೆ, ಟಿಕೆಟ್ ಬೇರೆಲ್ಲೋ ಮಾಡಿಸಿದ್ದು. ಹತ್ತು ದಿನ ಸುತ್ತಾಡಿ ಹಾಗೇ ಊರಿಗೆ ಹೋಗುತ್ತೇನೆಂದು ಹೇಳಿದ್ದ. ವಿಯೆಂಟಿಯಾನ್ ಎಂದದ್ದೇ ತಡ, ಮಧುಮತಿ ಎಣ್ಣೆಗಾಯಿಯ ಬಟ್ಟಲನ್ನು ಅಲ್ಲೇ ಇಟ್ಟು ಎದುರಿಗೆ ಕೂತಳು.

"ಏನೇನ್ ನೋಡಾಂವ ಇದ್ದೀ? ಹೇಳು, ಕೇಳೋಣಂತ."

ಅಭಿಜೀತ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ನೆಟ್ಟಗೆ ಕೂತ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನ ಹಾಗೆ ಗೋಡೆ ನೋಡುತ್ತ ಇಂಗ್ಲಿಷಿನಲ್ಲಿ ಶುರುಮಾಡಿದ. ನಾನು ಪ್ರವಾಸಿ. ನದಿಯಿಂದ ಎರಡು ಓಣಿ ಒಳಗಿನ ಹೋಟೆಲಿನಲ್ಲಿ ಇರುತ್ತೇನೆ. ಪತೂಸಾಯ್ ಕಮಾನನ್ನು ಬೆಳಿಗ್ಗೆಯೇ ಹತ್ತುತ್ತೇನೆ. ಬುದ್ಧನ ಪಾರ್ಕಿಗೆ ಹದಿನಾಲ್ಕನೇ ನಂಬರಿನ ಬಸ್ಸು. ನಾನು ಶುದ್ಧ ಸಸ್ಯಾಹಾರಿ, ಮೀನಿನ ಸಾಸ್ ತಿನ್ನುವುದಿಲ್ಲ.

ಗುರುಪಾದಪ್ಪ ಬಿದ್ದುಬಿದ್ದು ನಕ್ಕ. "ಯಾವಾಗಿಂದಲೇ? ಹೋದ ವಾರ ಎರಡು ಪ್ಲೇಟ್ ಮಟನ್ ಬಿರ್ಯಾನಿ ಹೊಡದೀಯಲ್ಲ!"

ಅಭಿಜೀತ ನಗಲಿಲ್ಲ. ನಡುವೆ ನಿಲ್ಲಿಸಿದರೆ ಮರೆತುಹೋಗುತ್ತದೆ ಎಂಬ ಭಯ ಅವನ ಮುಖದಲ್ಲಿತ್ತು. ಬಜಾರಿನಲ್ಲಿ ನನ್ನ ತಂಗಿ ಸೌಂದರ್ಯಾಳಿಗೆ ಬದನೆಕಾಯಿ ಬಣ್ಣದ ರೇಷ್ಮೆ ಶಾಲು ಕೊಳ್ಳುತ್ತೇನೆ ಎಂದು ಹೇಳಿ ಮುಗಿಸಿದ.

ಮಧುಮತಿ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ನಿನಗ ತಂಗಿ ಎಲ್ಲಿದ್ದಾಳೋ?"

"ಇಲ್ರಿ ಅಕ್ಕಾರ. ನಾ ಒಬ್ಬನ ಮಗ."

"ಮತ್ತ ಸೌಂದರ್ಯಾ ಯಾರು?"

"ಗೊತ್ತಿಲ್ರಿ. ಅದು ಕಾಗದದಾಗ ಐತ್ರಿ."

ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟ. ಅವಳೇ ಬರೆದ ಇಂಗ್ಲಿಷು, ಅವಳೇ ಮಾಡಿದ ತಪ್ಪುಗಳು. 'ತನ್ನಿ', 'ಹೋಗಿ' ಎಂದಿದ್ದಲ್ಲೆಲ್ಲ 'ತರುತ್ತೇನೆ', 'ಹೋಗುತ್ತೇನೆ' ಎಂದು ತಿದ್ದಿತ್ತು. ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು: ಬಾಯಿಪಾಠ ಮಾಡಿ, ವಿಮಾನ ಹತ್ತುವ ಮೊದಲು ಹರಿದುಹಾಕಿ.

ಅವಳು ಒಂದೊಂದೇ ಕೇಳಿದಳು, ಅವನು ಒಂದೊಂದೇ ಬಾಯಿಬಿಟ್ಟ. ಪ್ರವಾಸವಲ್ಲ, ಕೆಲಸ. ಕಂಪ್ಯೂಟರಿನ ಮುಂದೆ ಕೂತು ಮಾಡುವ ಟೈಪಿಂಗ್. ಇಲ್ಲಿಯ ಮೂರು ಪಟ್ಟು ಸಂಬಳ. ಏರ್‌ಪೋರ್ಟಿನಲ್ಲಿ ಅಧಿಕಾರಿಗಳು ಕೇಳಿದರೆ ಇಷ್ಟು ಹೇಳಿ ಪಾರಾಗಬೇಕು. ಹೊರಗೆ ಕಾರು ಬರುತ್ತದೆ, ಡ್ರೈವರನ ಕೈಗೆ ಪಾಸ್‌ಪೋರ್ಟ್ ಕೊಡಬೇಕು. ಆಮೇಲೆ ಗಡಿಯ ಕಡೆಗೆ ದೂರದ ದಾರಿ. ಯಾರು ಹೇಳಿದರು ಎಂದು ಅವಳು ಕೇಳಲೇಬೇಕಾಗಿರಲಿಲ್ಲ. ಕಾಗದದಿಂದಲೇ ಅತ್ತರಿನ ವಾಸನೆ ಬರುತ್ತಿತ್ತು.

ಅವಳು ಪೇಪರ್ ಓದದ ಹೆಂಗಸಲ್ಲ. ಲಾವೋಸ್‌ನ ಗಡಿಯ ಕಡೆ ಎತ್ತರದ ಗೋಡೆಯ ಕಟ್ಟಡಗಳಿವೆ, ಕೆಲಸವೆಂದು ಕರೆದು ಪಾಸ್‌ಪೋರ್ಟ್ ಕಿತ್ತುಕೊಂಡು ಕೂಡಿಹಾಕುತ್ತಾರೆ, ಫೋನಿನಲ್ಲಿ ಜನರಿಗೆ ಟೋಪಿ ಹಾಕಿಸುತ್ತಾರೆ, ಒಲ್ಲೆ ಎಂದವರನ್ನು ಹೊಡೆಯುತ್ತಾರೆ ಎಂದು ಓದಿದ್ದಳು. ಓದಿ ಅಯ್ಯೋ ಪಾಪ ಎಂದು ಪುಟ ತಿರುಗಿಸಿದ್ದಳು. ನೆಮ್ಮದಿಯ ತನ್ನ ವಿಯೆಂಟಿಯಾನ್ ಅದಕ್ಕೆ ಹೆಬ್ಬಾಗಿಲಾದೀತು, ಆ ಬಾಗಿಲಿನ ಬೀಗದ ಕೈಯನ್ನು ತಾನೇ ಶನಿವಾರವಿಡೀ ಕೂತು ಬರೆದುಕೊಟ್ಟೇನು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹನ್ನೊಂದು ಮಂದಿ. ಫೋಟೋ ಕಳಿಸದ ಹನ್ನೊಂದು ಮಂದಿ. ಅವರನ್ನು ಬೈದುಕೊಂಡಿದ್ದಳಲ್ಲ!

"ನೀ ಹೋಗಬ್ಯಾಡ" ಎಂದಳು.

"ಅಕ್ಕಾರ, ವೀಸಾ ಖಲಾಸ್ ಆಗೇತಿ. ಇಲ್ಲೆ ಇದ್ದು ಏನ್ ಮಾಡ್ಲಿ? ನೀವು ಹೋಗಿ ಬಂದೀರಿ, ಊರು ಚಲೋ ಅಂತ ನೀವ ಎಲ್ಲಾರಿಗೂ ಹೇಳೀರಿ. ನಾ ಹೋಗೂದಷ್ಟ ತಪ್ಪೇನ್ರಿ?" ಹುಡುಗ ಎದ್ದು ನಿಂತ. ಬ್ಯಾಗು ಬಾಗಿಲ ಬಳಿಯೇ ಇತ್ತು.

ಮಧುಮತಿ ಫೋನು ಎತ್ತಿಕೊಂಡಳು. ಹೊಳೆದದ್ದು ಆದರ್ಶನ ನಂಬರು. ವಾಟ್ಸಾಪಿನಲ್ಲಿ ಇಲ್ಲಿಂದ ಕರೆ ಹೋಗುವುದಿಲ್ಲ, ದುಬೈಯವರೆಲ್ಲರ ಹಾಗೆ ಅವನ ಫೋನಿನಲ್ಲೂ ಕರೆ ಮಾಡುವ ಬೋಟಿಮ್ ಆ್ಯಪ್ ಇತ್ತು. ಹಚ್ಚಿದಳು. ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದಳು. ಮೂರನೆಯ ಸಲ ಎತ್ತಿದ.

"ಹಲೋ ಮೇಡಂ."

ಅಕ್ಕಾರ ಎನ್ನುತ್ತಿದ್ದವನು ಮೇಡಂ ಎಂದ.

"ಆದರ್ಶ, ಹೆಂಗಿದ್ದೀಯಪಾ? ಎಲ್ಲಿದ್ದೀ?"

ಹಿಂದೆ ಯಾರೋ ಏನೋ ಅಂದರು. ಆಮೇಲೆ ಅವನು ಇಂಗ್ಲಿಷಿನಲ್ಲಿ, ಏರಿಳಿತವಿಲ್ಲದೆ ಹೇಳತೊಡಗಿದ. ಊರು ಬಹಳ ಚೆನ್ನಾಗಿದೆ ಮೇಡಂ. ನದಿಯಿಂದ ಎರಡು ಓಣಿ ಒಳಗೆ ಇದ್ದೇನೆ. ಪತೂಸಾಯ್ ಕಮಾನನ್ನು ಬೆಳಿಗ್ಗೆಯೇ ಹತ್ತಿದೆ. ಬುದ್ಧನ ಪಾರ್ಕಿಗೆ ಹದಿನಾಲ್ಕನೇ ನಂಬರಿನ ಬಸ್ಸು. ನನ್ನ ತಂಗಿ ಸೌಂದರ್ಯಾಳಿಗೆ ಶಾಲು ಕೊಂಡೆ.

ಅಭಿಜೀತನ ತುಟಿಗಳು ತಾವಾಗಿಯೇ ಆ ಮಾತಿನ ಜೊತೆ ಅಲ್ಲಾಡುತ್ತಿದ್ದವು. ಶಾಲಿನ ಹತ್ತಿರ ಬಂದಾಗ ನಿಂತವು. ಆದರ್ಶ ಹೋಗಿ ಮೂರು ತಿಂಗಳು ಮೀರಿತ್ತು, ಪಾಠ ಇನ್ನೂ ಮುಗಿದಿರಲಿಲ್ಲ.

ಮಧುಮತಿ ಮೇಜಿನ ಮೇಲೆ ಬಾಗಿದಳು. ಫೋನು ಇಡಲು ಮನಸ್ಸಾಗದೆ, ಬೇರೇನೂ ತೋಚದೆ, ಹಳೆಯ ಮಾತನ್ನೇ ಕೇಳಿದಳು. "ನಾಯಿ ಫೋಟೋ ಕಳಸ್ತೀನಿ ಅಂದಿದ್ದೀಯಲ್ಲಪಾ?"

ಉಸಿರು ಕೇಳಿಸಿತು. ಆಮೇಲೆ ಕನ್ನಡದಲ್ಲಿ, ಒಂದೇ ಗುಕ್ಕಿಗೆ ಹೇಳಿದ.

"ಇಲ್ಲಿ ನಾಯಿ ಮಲಗೂದಿಲ್ರಿ ಅಕ್ಕಾರ."

ಏನೋ ಬಿದ್ದ ಸದ್ದಾಯಿತು, ಕರೆ ಕತ್ತರಿಸಿತು. ಮತ್ತೆ ಹಚ್ಚಿದರೆ ಹೋಗಲಿಲ್ಲ.

ಅಭಿಜೀತ ನಿಂತಲ್ಲೇ ಕೂತ. ಪಾಸ್‌ಪೋರ್ಟನ್ನು ಜೇಬಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಗುರುಪಾದಪ್ಪ ಎದ್ದು ಅವನ ಬ್ಯಾಗನ್ನು ಒಳಕೋಣೆಗೆ ಒಯ್ದಿಟ್ಟ.

ಮಧುಮತಿ ಭಾರತೀಯ ಕಾನ್ಸುಲೇಟಿನ ಸಹಾಯವಾಣಿಯ ನಂಬರು ಹುಡುಕಿ ಒತ್ತುವಷ್ಟರಲ್ಲಿ ಗಂಡ ಬಂದು ಅವಳ ಮಣಿಕಟ್ಟು ಹಿಡಿದ. "ಮಧು, ವಿಚಾರ ಮಾಡು. ಟಿಕೆಟ್ ಮಾಡಿದಾಕಿ ನೀನು. ನಿನ್ನ ಹೆಸರೂ ಬರ್ತದ. ನೌಕರಿ, ವೀಸಾ, ಎಲ್ಲಾ ಹೋಗಬಹುದು." ಹೆದರಿ ಹೇಳಿದ ಮಾತು, ಕೆಟ್ಟ ಮನಸ್ಸಿನದಲ್ಲ. ಹೆದರಿಕೆ ಅವಳಿಗೂ ಇತ್ತು.

"ಬರಲಿ" ಎಂದು ಕೈ ಬಿಡಿಸಿಕೊಂಡಳು.

ಆ ಕಡೆಯ ಕನ್ನಡ ಬಲ್ಲ ಹೆಣ್ಣುದನಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡಿತು. ಹನ್ನೊಂದು ಮಂದಿಯ ಹೆಸರು, ಪಾಸ್‌ಪೋರ್ಟ್ ನಂಬರು, ಹೋದ ತಾರೀಖು ಇವೆಯೇ ಎಂದು ಕೇಳಿತು. ಇವೆ ಎಂದಳು. ಆಫೀಸಿನ ಕಂಪ್ಯೂಟರಿನಲ್ಲಿ ಒಂದೊಂದು ಹೆಸರಿನ ಮುಂದೆಯೂ ಅವಳೇ ಖುಷಿಗೆ ಇಟ್ಟ ಸಣ್ಣ ಗುರುತಿತ್ತು, ನನ್ನ ಊರು ನೋಡಲು ಹೋದವರು ಎಂದು.

"ಇವರೆಲ್ಲ ನಿಮಗೆ ಏನಾಗಬೇಕು ಮೇಡಂ?" ಎಂದು ಕೇಳಿತು ದನಿ.

ಮಧುಮತಿ ಮೇಜಿನ ಮೇಲಿನ ಕಾಗದವನ್ನು ನೋಡಿದಳು.

"ಏನೂ ಆಗಬೇಕಿಲ್ಲ" ಎಂದಳು. "ಆ ಊರು ಚಲೋ ಅದ, ಹೋಗ್ರಿ ಅಂತ ಹೇಳಿದಾಕಿ ನಾನು. ಬರಕೊಳ್ರಿ. ಮೊದಲನೇ ಹೆಸರು ಆದರ್ಶ."