ಕರೇಕಲ್ಲು ಗುಡ್ಡದಲ್ಲಿ ನಾನು ಕಾಣದ ಹೂವು

ಗಿರಿಜಾ, ಕರೇಕಲ್ಲು ಗುಡ್ಡದಲ್ಲಿ ನಾನು ಆ ಹೂವನ್ನು ನೋಡಿರಲಿಲ್ಲ. ಆ ವರ್ಷ ನಾನು ಗುಡ್ಡ ಹತ್ತಿಯೇ ಇರಲಿಲ್ಲ. 'ಗುಡ್ಡದ ಪೂರ್ವದ ಇಳಿಜಾರು, ಚಪ್ಪಟೆ ಬಂಡೆಯ ಪಕ್ಕ, ದಿಂಡಿಗದ ಮರಗಳ ಕೆಳಗೆ, ಹುಲ್ಲಿನ ನಡುವೆ' ಎಂದು ಸಸ್ಯಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾದದ್ದು ಇದೆಯಲ್ಲ — ಅಷ್ಟೂ ನಾನು ತುರುವೇಕೆರೆಯ ಮನೆಯ ಜಗಲಿಯಲ್ಲಿ ಕೂತು ಹೊಸೆದ ಸುಳ್ಳು. ಅದೇ ಇಳಿಜಾರಿನಲ್ಲಿ ನೀನು ಪ್ರತಿ ಮಳೆಗಾಲ ಬಗ್ಗಿ ಬಗ್ಗಿ ಹುಡುಕಿದೆ. ನೀನು ಹುಡುಕುತ್ತಿದ್ದೀಯೆಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಕೂತಿದ್ದೇನೆ. ಕಾಫಿ ಆರಿತು, ನಮ್ಮವಳು ಗೊಣಗಿಕೊಂಡೇ ಮತ್ತೆ ಕಾಯಿಸಿ ತಂದಿಟ್ಟಳು, ಅದೂ ಆರಿತು. ಇದನ್ನು ಬರೆಯುತ್ತಿರುವುದು ನಿನಗೆ. ಆದರೆ ಸುಳ್ಳನ್ನು ಅಚ್ಚು ಹಾಕಿಸಿದವನು ನಿಜವನ್ನು ಮಾತ್ರ ಕಿವಿಯಲ್ಲಿ ಪಿಸುಗುಟ್ಟಿ ಜಾರಿಕೊಂಡರೆ ಹೇಗೆ? ಬೇರೆಯವರೂ ಓದಲಿ. ಅವರಿಗೆ ಅರ್ಥವಾಗಲೆಂದು ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ತಿಪಟೂರಿನ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ನಾನು ಸಸ್ಯಶಾಸ್ತ್ರದ ಮೇಷ್ಟ್ರು — ಪುಸ್ತಕದಲ್ಲಿದ್ದದ್ದನ್ನು ಬೋರ್ಡಿನ ಮೇಲೆ ಇಳಿಸಿ, ಬೆಲ್ ಹೊಡೆಯುವುದನ್ನೇ ಕಾಯುತ್ತಿದ್ದ ಮನುಷ್ಯ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಆಹಾರವೂ ಅದರೊಳಗೆ ಇರುವುದಿಲ್ಲ ಎಂದು ಒಂದು ದಿನ ಹೇಳಿದೆ. ನೀನು ಎದ್ದು ನಿಂತು ಕೇಳಿದೆ: "ಹಂಗಾದ್ರೆ ಅದನ್ನ ಸಾಕೋರ್ಯಾರು ಸಾ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ನಿನ್ನನ್ನು ಕೂರಿಸಿ ಲೈಬ್ರರಿಗೆ ಓಡಿದೆ. ಮಣ್ಣಿನೊಳಗಿನ ಒಂದು ಬೂಷ್ಟು ಆ ಬೀಜಕ್ಕೆ ಉಣಿಸಿ ಬೆಳೆಸುತ್ತದೆ ಎಂದು ಅಲ್ಲಿ ಓದಿದಾಗ ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ನನ್ನ ಆರ್ಕಿಡ್ ಓಡಾಟಕ್ಕೆಲ್ಲ ಮೂಲ ನೀನೇ. ಇದನ್ನು ನಿನಗೆ ಯಾವತ್ತಾದರೂ ಹೇಳಿದ್ದೆನೆ? ಇಲ್ಲ ಅನ್ನಿಸುತ್ತದೆ.

ಆಮೇಲೆ ನೀನು ಚಿಕ್ಕನಾಯಕನಹಳ್ಳಿ ಕಡೆಗೆ ಮದುವೆಯಾಗಿ ಹೋದೆ, ಹೈಸ್ಕೂಲಿನಲ್ಲಿ ಟೀಚರಾದೆ. ನಿನ್ನ ಗಂಡನ ತೆಂಗಿನ ತೋಟ ಮುಗಿಯುವಲ್ಲಿಂದ ಕರೇಕಲ್ಲು ಗುಡ್ಡ ಶುರುವಾಗುತ್ತದೆ. ನಾನು ನಿವೃತ್ತನಾದ ಹೊಸತು, ಫೋನು ದಿನವಿಡೀ ಸದ್ದಿಲ್ಲದೆ ಬಿದ್ದಿರುತ್ತಿದ್ದ ಕಾಲ. ನೀನು ಫೋನ್ ಮಾಡಿದೆ. "ನಮ್ ಗುಡ್ಡ ಯಾಕೆ ನೋಡಿಲ್ಲ ಸಾ ನೀವು? ಬರೀ ಸಕಲೇಶಪುರದ ಕಡೇನೇ ಕಾಡಾ?" ನಿನ್ನ ಜೊತೆ ಆ ಗುಡ್ಡ ಸುತ್ತಿದ ಎರಡು ಮಳೆಗಾಲಗಳಿಗೆ ನಾನು ಋಣಿ. ಹತ್ತುವಾಗ ಪೊದೆಗಳ ಸಂದಿಯಲ್ಲಿ ನುಗ್ಗುತ್ತಾ ನೀನು ಮುಂದೆ, ಏದುಸಿರು ಬಿಡುತ್ತಾ ನಾನು ಹಿಂದೆ. ಇಳಿದು ಬಂದರೆ ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಬೇಡ ಎಂದರೂ ತಟ್ಟೆಗೆ ಇನ್ನರ್ಧ ಮುದ್ದೆ ಬೀಳುತ್ತಿತ್ತು. ಹೊಸದೇನೂ ಸಿಗಲಿಲ್ಲ, ನಮಗೆ ಅದರ ಚಿಂತೆಯೂ ಇರಲಿಲ್ಲ.

ನಮಗೆ ಎಂದೆನಲ್ಲ — ಚಿಂತೆ ಇರದಿದ್ದದ್ದು ನಿನಗೆ. ನನಗಿತ್ತು. ಸಭೆಗಳಲ್ಲಿ ಮಲೆನಾಡಿನ ಕಡೆಯ ಮೇಷ್ಟ್ರುಗಳು ನನ್ನ ಬೆನ್ನು ತಟ್ಟಿ, "ಏನ್ರೀ, ತೆಂಗಿನ ಗರಿಯಲ್ಲಿ ಆರ್ಕಿಡ್ ಸಿಕ್ತಾ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಉರಿದುಕೊಳ್ಳುತ್ತಿದ್ದೆ. ಸಾಯುವುದರೊಳಗೆ ಒಂದೇ ಒಂದು ಗಿಡ ನನ್ನ ಹೆಸರಿನಲ್ಲಿ ಅಚ್ಚಾಗಲಿ ಎಂಬ ಆಸೆ — ಥೂ, ಆ ವಯಸ್ಸಿನಲ್ಲಿ ಅದೆಂಥ ಆಸೆಯೋ!

ಆ ಎರಡು ಮಳೆಗಾಲಗಳ ಮುಂದಿನ ವರ್ಷ, ತೆಂಗಿನ ಸಸಿ ಬೆಳೆಸೋಣವೆಂದು ಚೀಲಗಳಿಗೆ ತುಂಬಲು ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಹಾಕಿಸಿದೆ. ಮಣ್ಣು ತಂದವನು ನಮ್ಮೂರಿನ ರಂಗಸ್ವಾಮಿ. ಮಳೆ ಬಿದ್ದ ಮೇಲೆ ಒಂದು ಚೀಲದಲ್ಲಿ ತೆಂಗಿನ ಮೊಳಕೆಯ ಪಕ್ಕ ಬೇರೆ ಏನೋ ಎದ್ದಿತು. ನಮ್ಮವಳು, "ಇದೇನ್ರೀ ಕಳೆ, ಕಿತ್ತಾಕ್ಲಾ?" ಎಂದು ಕೈ ಹಾಕಿದ್ದಳು, ನಾನು ಓಡಿಹೋಗಿ ತಡೆದೆ. ನೆಲದಲ್ಲಿ ಗೆಡ್ಡೆಯಿಂದ ಏಳುವ ಆರ್ಕಿಡ್ ಅದು, ಮೂರು ಗಿಡ ಇದ್ದವು. ಆಷಾಢದಲ್ಲಿ ಹೂ ಬಿಟ್ಟಿತು. ಹಸಿರು ಬೆರೆತ ಬಿಳಿ, ಕೆಳಗಿನ ಎಸಳಿನ ಅಂಚೆಲ್ಲ ಸೀರೆಯ ಕುಚ್ಚಿನ ಹಾಗೆ ಎಳೆ ಎಳೆ. ಇದರ ಹತ್ತಿರದ ಸಂಬಂಧಿಗಳಿಗೆಲ್ಲ ಆ ಎಸಳಿನ ಅಂಚು ನುಣುಪು, ಹಿಂದಿನ ಮಕರಂದದ ನಳಿಕೆ ಉದ್ದ. ಇದರದು ಗಿಡ್ಡ. ಬೆಂಗಳೂರಿಗೆ ಹೋಗಿ ಅಲ್ಲಿನ ಸಂಗ್ರಹದಲ್ಲಿ ಒಣಗಿಸಿಟ್ಟ ಗಿಡಗಳ ಹಾಳೆಗಳನ್ನೆಲ್ಲ ತಿರುವಿ ಹಾಕಿದೆ. ಇಂಥದ್ದು ಎಲ್ಲೂ ಇರಲಿಲ್ಲ. ಹೊಸ ಪ್ರಭೇದವೇ!

ಆದರೆ ಅದಕ್ಕೆ ವಿಳಾಸವಿರಲಿಲ್ಲ. ಹೊಸ ಗಿಡಕ್ಕೆ ಹೆಸರಿಡಬೇಕಾದರೆ ಅದು ಯಾವ ಕಾಡಿನಲ್ಲಿ, ಯಾವ ಮರಗಳ ಕೆಳಗೆ ಬೆಳೆಯುತ್ತಿತ್ತು ಎಂದು ಹೇಳಬೇಕು. ರಂಗಸ್ವಾಮಿಯನ್ನು ಹಿಡಿದು ಕೇಳಿದೆ. ಅವನು ಕಾಡಿನ ಅಂಚಿನಲ್ಲೆಲ್ಲೋ ಕದ್ದು ತುಂಬಿದ್ದನೋ ಏನೋ, ಬಾಯಿ ಬಿಡಲಿಲ್ಲ. "ಬುಡಿ ಸಾ, ಮಣ್ಣಿಗೂ ಯಾವೂರು ಅಂತ ಕೇಳ್ತಾರಾ?" ಎಂದು ನಕ್ಕು ಹೋದ. ಎರಡು ಗಿಡಗಳನ್ನು ಹಾಳೆಯ ನಡುವೆ ಒತ್ತಿ ಒಣಗಿಸಿದ್ದೆ. ಉಳಿದದ್ದು ಮುಂದಿನ ಮಳೆಗೆ ಏಳಲೇ ಇಲ್ಲ.

ಮಣ್ಣಿನ ಜೊತೆ ಬಂತು, ಎಲ್ಲಿಯದೋ ಗೊತ್ತಿಲ್ಲ ಎಂದು ಬರೆದಿದ್ದರೆ? ಯಾವುದೋ ನರ್ಸರಿಯ ಗಿಡವಿರಬೇಕು ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಆ ಭಯಕ್ಕೆ — ಇಲ್ಲ, ಭಯವಲ್ಲ, ಆಸೆಗೆ — ನನಗೆ ಚೆನ್ನಾಗಿ ಗೊತ್ತಿದ್ದ ಗುಡ್ಡವೊಂದನ್ನು ಬರೆದೆ. ನೀನು ಕೈಹಿಡಿದು ಸುತ್ತಿಸಿದ್ದ ಗುಡ್ಡ. ಯಾವ ಮರ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ನೀನು ತೋರಿಸಿದ್ದರಿಂದಲೇ ಸುಳ್ಳು ಅಷ್ಟು ಚೆನ್ನಾಗಿ ಕೂತುಕೊಂಡಿತು. ಹೆಸರನ್ನೂ ಹಾಗೇ ಇಟ್ಟೆ. ಕರೆಕಲ್ಲೆನ್ಸಿಸ್, ಎಂದರೆ ಕರೇಕಲ್ಲಿನದು. ಒಮ್ಮೆ ಅಚ್ಚಾದ ಹೆಸರನ್ನು, ಊರು ತಪ್ಪೆಂದು ಗೊತ್ತಾದರೂ ಬದಲಿಸುವ ಹಾಗಿಲ್ಲ, ನಮ್ಮ ಶಾಸ್ತ್ರದ ಕಟ್ಟು ಹಾಗಿದೆ.

ಅಚ್ಚಾದ ದಿನ ನೀನು ಫೋನ್ ಮಾಡಿದ್ದು ನೆನಪಿದೆಯೆ? ನಾನು ಗುಡ್ಡ ಹತ್ತಿದೆನೆಂದು ಬರೆದ ವರ್ಷ ನಿಮ್ಮತ್ತೆ ಸೊಂಟ ಮುರಿದುಕೊಂಡು ಮಲಗಿದ್ದರಿಂದ ನೀನು ಮನೆ ಬಿಟ್ಟು ಹೊರಟಿರಲಿಲ್ಲ. ನಿನ್ನ ದನಿಯಲ್ಲಿ ಖುಷಿಯೂ ಇತ್ತು, ನೋವೂ ಇತ್ತು. "ನಮ್ ಗುಡ್ಡದ ಹೆಸ್ರು ಇಟ್ಟಿದೀರಲ್ಲ ಸಾ! ಆದ್ರೂ... ನನ್ನ ಬುಟ್ಟು ಒಬ್ರೇ ಹತ್ತಿದ್ರಾ?"

ಆಗ ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ, ಬಂದಿರಲಿಲ್ಲ. "ಹೌದು ಕಣಮ್ಮ, ಒಬ್ಬನೇ ಹತ್ತಿದೆ. ನಿನಗ್ಯಾಕೆ ತೊಂದರೆ ಅಂತ" ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದರೆ, ಆಮೇಲೆ ಮೈದಾ ಬಿಸ್ಕತ್ತು ಅದ್ದಿಕೊಂಡು ಟೀ ಕುಡಿದೆ.

ಅಲ್ಲಿಂದ ನಿನ್ನ ಹುಡುಕಾಟ ಶುರುವಾಯಿತು. ನಾನು ಬರೆದ ಇಳಿಜಾರಿನಲ್ಲಿ, ನಾನು ಬರೆದ ಬಂಡೆಯ ಪಕ್ಕ. ಸಿಗದಿದ್ದಾಗ ನೀನು ನನ್ನನ್ನು ಅನುಮಾನಿಸಲಿಲ್ಲ, ನಿನ್ನ ಕಣ್ಣನ್ನು ಅನುಮಾನಿಸಿದೆ. ಕನ್ನಡಕ ಬದಲಿಸಿದೆ. ನಿನ್ನ ಗಂಡ, "ನಿಮ್ ಮೇಷ್ಟ್ರು ಎಮ್ಮೆಗೆ ಮೇಯಿಸ್ಬುಟ್ಟವ್ರೆ ಕಣೇ ಆ ಗಿಡಾನ" ಎಂದು ರೇಗಿಸುತ್ತಿದ್ದನೆಂದು ನೀನೇ ಹೇಳಿ ನಗುತ್ತಿದ್ದೆ. ಬೇಸಿಗೆಯಲ್ಲಿ ಹೊಸ ಹುಲ್ಲು ಬರಲೆಂದು ಊರವರು ಗುಡ್ಡಕ್ಕೆ ಬೆಂಕಿ ಇಡುತ್ತಿದ್ದರಲ್ಲ, ಅದನ್ನು ನೀನು ನಿಲ್ಲಿಸಿದೆ. ಮನೆ ಮನೆಗೆ ಹೋಗಿ, "ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ್ದು ನಮ್ಮಲ್ಲೈತೆ ಕಣ್ರಪ್ಪ, ಸುಡಬ್ಯಾಡಿ" ಎಂದು ಕೈಮುಗಿದೆಯಂತೆ. ಅದು ನನ್ನ ಕಿವಿಗೂ ಬಿತ್ತು. ಆದರೂ ಬಾಯಿ ಬಿಡಲಿಲ್ಲ.

ಈ ಶ್ರಾವಣದಲ್ಲಿ ನಿನ್ನ ಫೋನು. "ಸಾ! ಸಿಕ್ತು ಸಾ! ಪಡುವಲ ಕಡೆ, ಕಲ್ಲುಗುಡ್ಡೆ ಹತ್ರ! ಬನ್ನಿ, ಬಾಡೋಗೋದ್ರೊಳಗೆ ಬನ್ನಿ!"

ಬೇರೆ ಯಾವುದೋ ಮಾಮೂಲಿ ಗಿಡವಿರುತ್ತದೆ ಎಂದುಕೊಂಡೇ ಹೊರಟೆ. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ ನಿಮ್ಮೂರು ತಲುಪಿದಾಗ ನೀನು ಛತ್ರಿ ಹಿಡಿದು ರಸ್ತೆಯಲ್ಲೇ ನಿಂತಿದ್ದೆ. ನನ್ನ ಮೊಣಕಾಲು ಕೇಳುವುದಿಲ್ಲವೆಂದು ಕೋಲು ಕೊಟ್ಟೆ, ಜಾರುವಲ್ಲೆಲ್ಲ ಕೈ ಕೊಟ್ಟೆ. ಗುಡ್ಡದ ಪಶ್ಚಿಮದ ಕಡೆ, ಕಲ್ಲುಗಳ ನಡುವಿನ ಹುಲ್ಲಿನಲ್ಲಿ ಕೂತು ಭೂತಗನ್ನಡಿ ಹಿಡಿದು ನೋಡಿದೆ. ಎಸಳಿನ ಅಂಚು ಎಳೆ ಎಳೆ. ನಳಿಕೆ ಗಿಡ್ಡ. ಅದೇ. ಒಂದಲ್ಲ, ಸುತ್ತ ನೋಡಿದರೆ ಅಲ್ಲೊಂದು ಇಲ್ಲೊಂದು ತಲೆಯೆತ್ತಿ ನಿಂತಿದ್ದವು. ಕಾಡಿನಲ್ಲಿ ಬೆಳೆದ ಆ ಗಿಡವನ್ನು ನಾನು ಮೊದಲ ಸಲ ನೋಡುತ್ತಿದ್ದೆ — ಅದನ್ನು ಕಂಡುಹಿಡಿದವನೆಂದು ಹೆಸರು ಪಡೆದ ನಾನು! ನೀನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಅಂತೂ ನಿಮ್ ಗಿಡ ನನಗೂ ಕಾಣಿಸ್ತು ಸಾ. ಇಷ್ಟ್ ವರ್ಷ ನನ್ ಕಣ್ಣೇ ಕುರುಡು ಅನ್ಕಂಡಿದ್ದೆ" ಎಂದೆ. ನಾನು ನಿನ್ನ ಮುಖ ನೋಡದೆ ಗಿಡವನ್ನೇ ನೋಡುತ್ತಾ ಕೂತೆ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಏನನ್ನಿಸಿತು ಗೊತ್ತೆ? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎದೆ ಹಗುರವಾಯಿತು. ಗೆದ್ದೆ ಎನ್ನಿಸಿತು. ಸುಳ್ಳು ತಾನಾಗಿಯೇ ನಿಜವಾಯಿತಲ್ಲ, ಇನ್ನು ಯಾರ ಅಪ್ಪನಿಗೂ ಗೊತ್ತಾಗುವುದಿಲ್ಲ!

ಗಿಡ ಸಿಕ್ಕಿದ್ದರ ಬಗ್ಗೆ ನೀನು ಒಂದು ಚಿಕ್ಕ ಲೇಖನ ಬರೆದು ಅದೇ ಪತ್ರಿಕೆಗೆ ಕಳಿಸಿದೆ. ಹೋದ ವಾರ ಅವರ ಉತ್ತರ ಬಂತೆಂದು ನಗುತ್ತಲೇ ಹೇಳಿದೆ. ಆ ಗಿಡ ಆ ಗುಡ್ಡದಲ್ಲಿ ಇರುವುದು ಮೊದಲೇ ದಾಖಲಾಗಿದೆ, ಇದರಲ್ಲಿ ಹೊಸದೇನೂ ಇಲ್ಲ ಎಂದಿದ್ದರು. "ಹೋಗ್ಲಿ ಬುಡಿ ಸಾ. ನಿಮ್ ಹೆಸರಲ್ಲಿ ಇದ್ರೆ ನನ್ ಹೆಸರಲ್ಲಿ ಇದ್ದಂಗೇ ಅಲ್ವಾ?"

ಅಲ್ಲ ಗಿರಿಜಾ. ಅಲ್ಲ. ಅವತ್ತು ಅರ್ಥವಾಯಿತು ನನಗೆ. ನಾನು ಬರೀ ಒಂದು ಸುಳ್ಳು ವಿಳಾಸ ಬರೆದೆ ಅಂದುಕೊಂಡಿದ್ದೆ. ಬರೆದದ್ದು ನೀನು ಮುಂದೆ ಕಾಣಬೇಕಾಗಿದ್ದನ್ನು. ನೀನು ಕಾಣುವ ಮೊದಲೇ ಅದನ್ನು ನಿನ್ನಿಂದ ಕಿತ್ತುಕೊಂಡಿದ್ದೆ.

ಮೊದಲು ಹೇಳಿದ್ದು ನಮ್ಮವಳಿಗೆ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನಾನು ಏನು ಬರೆದೆನೆಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಕೇಳಿ ದಂಗಾದಳು. "ಅಯ್ಯೋ, ಅದು ನಮ್ ಮನೆ ಸಸಿ ಚೀಲದಾಗೆ ಎದ್ದಿದ್ದಲ್ವೇನ್ರೀ! ಆ ಮಗಳ ಕೈಲಿ ಮುದ್ದೆ ಉಂಡ್ಕಂಡು ಬಂದ್ರಲ್ಲ, ಗಂಟಲಲ್ಲಿ ಹೆಂಗಿಳೀತು?"

ನನ್ನ ಸುಳ್ಳಿನಿಂದಲೇ ತಾನೆ ನೀನು ಹುಡುಕಿದ್ದು, ಬೆಂಕಿ ನಿಲ್ಲಿಸಿದ್ದು, ಗಿಡ ಉಳಿದದ್ದು — ಎಂದು ಮನಸ್ಸು ಆಗಾಗ ಮೆಲ್ಲಗೆ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ, ನೀನೂ ಒಪ್ಪಬೇಡ. ನಡೆದದ್ದು ನಿನ್ನ ಕಾಲು. ಕೈಮುಗಿದದ್ದು ನಿನ್ನ ಕೈ.

ನಿನ್ನೆ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಗಿಡ ಮಣ್ಣಿನ ಜೊತೆ ಬಂದದ್ದು, ಎಲ್ಲಿಯದೆಂದು ನನಗೆ ಗೊತ್ತಿರಲಿಲ್ಲ, ಸ್ಥಳವನ್ನು ನಾನೇ ಕಲ್ಪಿಸಿ ಬರೆದೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಒಣಗಿಸಿದ ಗಿಡದ ಹಾಳೆಗಳ ಮೇಲಿನ ಚೀಟಿಗಳನ್ನೂ ತಿದ್ದಲು ಕೇಳಿಕೊಂಡಿದ್ದೇನೆ. ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತು, ಅದಕ್ಕೇ ಮೊದಲು ಅದನ್ನು ಕಳಿಸಿ ಆಮೇಲೆ ನಿನಗೆ ಬರೆಯಲು ಕೂತೆ. ಮಲೆನಾಡಿನ ಮೇಷ್ಟ್ರುಗಳು ನಗಲಿ, ಉಗಿಯಲಿ, ಅದು ನನಗೆ ಸೇರಬೇಕಾದದ್ದೇ.

ನಾಳೆ ಮೊದಲ ಬಸ್ಸಿಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಅಂಗಳದಲ್ಲಿ ನಿಂತಿರುತ್ತೇನೆ. ಒಳಗೆ ಬನ್ನಿ ಎನ್ನಬೇಕೆಂದಿಲ್ಲ. ಎಷ್ಟೋ ವರ್ಷ ಅಂದಿದ್ದೀಯ, ಅಷ್ಟೂ ಸಲಕ್ಕೆ ನನ್ನ ಕೃತಜ್ಞತೆ ಇದೆ, ಅದು ನೀನು ಬಾಗಿಲು ಹಾಕಿಕೊಂಡರೂ ಇರುತ್ತದೆ. ತಿದ್ದುಪಡಿಯ ಕೊನೆಯ ಸಾಲು ಮಾತ್ರ ನನ್ನ ಬಾಯಲ್ಲೇ ಹೇಳಿ ಹೋಗುತ್ತೇನೆ. ಆ ಗಿಡವನ್ನು ಅದರ ಕಾಡಿನಲ್ಲಿ ಮೊದಲು ಕಂಡವಳು ನೀನು. ನಾನು ಎರಡನೆಯವನು — ಅದೂ ನೀನು ಕರೆದುಕೊಂಡು ಹೋಗಿ ತೋರಿಸಿದ್ದಕ್ಕೆ.