ಗಿಟಾರಿಗಿಟ್ಟ ದೃಷ್ಟಿಬೊಟ್ಟು

ನಮ್ಮ ಯಜಮಾನರಿಗೆ ದೃಷ್ಟಿ, ಗಾಳಿ, ಶಕುನ ಯಾವುದರಲ್ಲೂ ನಂಬಿಕೆ ಇರಲಿಲ್ಲ. ನನಗೆ ಎಲ್ಲದರಲ್ಲೂ ಇತ್ತು. ಹಾಗಾಗಿ ಮಕ್ತಲದ ನಮ್ಮ ಮನೆಯಲ್ಲಿ ಜಗಳಕ್ಕೆ ಬೇರೆ ಕಾರಣ ಹುಡುಕುವ ತಾಪತ್ರಯವೇ ಇರಲಿಲ್ಲ.

ಅವರದು ತಂಬೂರಿ, ಸಿತಾರುಗಳ ಮೈಗೆ ಕಪ್ಪೆಚಿಪ್ಪಿನ ಬಿಳಿ ಅಂಚು ಕೂರಿಸುವ ಕೆಲಸ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಕಡೆಯಿಂದಲೂ ಕೆಲಸ ಬರುತ್ತಿತ್ತು. ಬೇರೆಯವರು ಇದಕ್ಕೆ ಎಲುಬು, ಕೊಂಬು ಬಳಸುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾವು ಅದನ್ನು ಮುಟ್ಟುವವರಲ್ಲ. ಬೇಸಿಗೆಯಲ್ಲಿ ಕೃಷ್ಣೆ ಇಳಿದಾಗ, ಮರಳಿನ ಮೇಲೆ ತಾವಾಗಿ ಒಣಗಿ ಬಿದ್ದ ಚಿಪ್ಪುಗಳನ್ನು ನಾನು ಆರಿಸಿ ತರುತ್ತಿದ್ದೆ. ಅವರು ಅದನ್ನು ಸಣ್ಣ ಗರಗಸದಲ್ಲಿ ಕೊಯ್ದು, ಕಟ್ಟಿಗೆಯಲ್ಲಿ ಅದೇ ಅಳತೆಯ ಗುಣಿ ತೋಡಿ, ಬಿಸಿ ಅರಗು ಹಾಕಿ ಕೂರಿಸುತ್ತಿದ್ದರು. ನಕ್ಷೆ ನನ್ನದು. ನಾನು ಗದ್ವಾಲದ ನೇಕಾರರ ಮಗಳು. ಸೀರೆಯ ಅಂಚಿನಲ್ಲಿ ನೋಡಿದ್ದನ್ನೆಲ್ಲ ತಂಬೂರಿಯ ಬುರುಡೆಗೆ ಇಳಿಸಿಬಿಡುತ್ತಿದ್ದೆ.

ಒಮ್ಮೆ ನಾರಾಯಣಪೇಟೆಯ ವ್ಯಾಪಾರಿಯೊಬ್ಬರ ತಂಬೂರಿಯನ್ನು ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ಮರುದಿನವೇ ಅದು ಬಿರುಕು ಬಿಟ್ಟಿತು. ಬಿಸಿಲಿಗೆ ಎಂದರು ಯಜಮಾನರು. ಕಣ್ಣಿಗೆ ಎಂದೆ ನಾನು. ಅಂದಿನಿಂದ ಪ್ರತಿ ಕೆಲಸ ಮುಗಿದ ಮೇಲೆ ತೆಂಗಿನ ಕರಟದಿಂದ ಎಳ್ಳಿನಷ್ಟು ಕಪ್ಪು ಚೂರು ಕೊಯ್ದು, ಬಿಳಿ ಅಂಚು ಸುತ್ತಿ ಬಂದು ತನ್ನ ಮೊದಲಿಗೆ ಸೇರುವ ಜಾಗದಲ್ಲಿ ನನ್ನ ಕೈಯಾರೆ ಕೂರಿಸತೊಡಗಿದೆ. ಅವರು ಆ ಹೊತ್ತಿಗೆ ಬೇಕೆಂದೇ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು.

"ಕಟ್ಟಿಗಿಗೆ ಯಾರ ಕಣ್ಣು ತಾಕತೈತಿ? ಅದು ನಿನ್ನ ಪಾಪ, ನನ್ನ ಕೈಲೆ ಮಾಡಸಬ್ಯಾಡ," ಎನ್ನುತ್ತಿದ್ದರು. ಆ ಚುಕ್ಕೆಯನ್ನು ಅವರು ಒಮ್ಮೆಯೂ ಕಣ್ಣೆತ್ತಿ ನೋಡಿಲ್ಲವೆಂದೇ ನಾನು ತಿಳಿದಿದ್ದೆ.

ಒಂದು ವರ್ಷ ಕೃಷ್ಣಾ ಸ್ಟೇಷನ್ನಿನ ಕಡೆಯಿಂದ ರೈಲಿನ ಗಾರ್ಡ್, ಕ್ರಿಸ್ತಾನ ಸಾಹೇಬರೊಬ್ಬರು ಗಿಟಾರ್ ತಂದರು. ಅಂಥದ್ದನ್ನು ನಾವು ಕಂಡಿರಲಿಲ್ಲ. ಸೊಂಟ ಬಂದ ತಂಬೂರಿ ಎಂದು ನಾನು ನಕ್ಕೆ. ಮಗಳ ಮದುವೆಗೆ ಕೊಡುವುದಂತೆ. ಹೊಟ್ಟೆಯ ನಡುವಿನ ತೂತಿನ ಸುತ್ತ ಬಿಳಿ ಅಂಚು ಬೇಕಂತೆ. ನಾನು ಗದ್ವಾಲ ಸೀರೆಯ ಗೋಪುರದಂಚು ಬರೆದುಕೊಟ್ಟೆ, ಪುಟ್ಟ ಪುಟ್ಟ ಗೋಪುರಗಳು ಒಂದರ ಪಕ್ಕ ಒಂದು, ಸುತ್ತಲೂ. ಅಷ್ಟರಲ್ಲಿ ತವರಿನಲ್ಲಿ ಅವ್ವ ಬಿದ್ದು ಕಾಲು ಮುರಿದುಕೊಂಡಳೆಂದು ಸುದ್ದಿ ಬಂತು. ಹರಿಗೋಲಿನಲ್ಲಿ ಹೊಳೆ ದಾಟಿ ಗದ್ವಾಲಕ್ಕೆ ಹೋದೆ. ಹೋಗುವಾಗ ಕರಟ ತೋರಿಸಿ, ನಾನು ಬರುವವರೆಗೆ ಗಿಟಾರ್ ಕೊಡಬೇಡಿ ಎಂದಿದ್ದೆ. ಅವರು ನಕ್ಕಿದ್ದರು.

ನಾನು ತಿರುಗಿ ಬರುವಷ್ಟರಲ್ಲಿ ಗಿಟಾರ್ ಹೋಗಿಯಾಗಿತ್ತು, ಅವರು ಜ್ವರದಲ್ಲಿ ಮಲಗಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು. ಬೊಟ್ಟಿಲ್ಲದೆ ಕೊಟ್ಟುಬಿಟ್ಟಿರಾ ಎಂದು ಹಾಸಿಗೆಯ ಪಕ್ಕ ಕೂತೇ ರೇಗಿದೆ.

"ಬೈಯೋದು ಮುಗದಿದ್ರ ಒಂದೀಟು ನೀರು ಕೊಡು," ಎಂದರು. ಕುಡಿದು ಗೋಡೆಯ ಕಡೆ ತಿರುಗಿದರು. ನಾರಾಯಣಪೇಟೆಯಿಂದ ಹಕೀಮರನ್ನು ಕರೆಸಿದೆವು. ಜ್ವರ ಇಳಿಯಲೇ ಇಲ್ಲ. ಅವರನ್ನು ಮಣ್ಣು ಮಾಡಿ ಬಂದ ದಿನ ಗರಗಸದ ಹಲ್ಲಿನಲ್ಲಿ ಚಿಪ್ಪಿನ ಪುಡಿ ಹಾಗೇ ಇತ್ತು.

ಹೊಟ್ಟೆ ಕೇಳಬೇಕಲ್ಲ, ಗರಗಸ ನಾನು ಹಿಡಿದೆ. ಒಂದು ದಿನ ಗಾರ್ಡ್ ಸಾಹೇಬರು ಅದೇ ಗಿಟಾರ್ ಹಿಡಿದು ಬಂದರು. ಸಾವಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಕೇಳಿ, ಟೋಪಿ ತೆಗೆದರು. ಆಮೇಲೆ ಸಂಕೋಚದಿಂದಲೇ ಬೆರಳಿಟ್ಟು ತೋರಿಸಿದರು. ಬಿಳಿ ಅಂಚು ಸುತ್ತಿ ಬಂದು ತನ್ನ ಮೊದಲಿಗೆ ಸೇರುವಲ್ಲಿ, ಎಳ್ಳಿನಷ್ಟು ಒಂದು ಕಪ್ಪು ಚೂರು.

ಗಿಟಾರನ್ನು ಬೆಳಕಿಗೆ ಹಿಡಿದು ನೋಡಿದೆ. ಗೋಡೆಯ ಕಡೆ ತಿರುಗಿ ಕೂರುತ್ತಿದ್ದವರಿಗೆ ಆ ಜಾಗ ಹೇಗೆ ಗೊತ್ತಾಯಿತು? ಅದರ ಅಳತೆ ಹೇಗೆ ಗೊತ್ತಾಯಿತು? ಇಷ್ಟು ವರ್ಷ ಕದ್ದು ನೋಡಿದ್ದರು. ನಂಬಿಕೆಯೇ ಇಲ್ಲದ ಮನುಷ್ಯ ನನಗಾಗಿ ಬೊಟ್ಟಿಟ್ಟು, ಅದನ್ನು ಹೇಳಲಿಕ್ಕೆ ನಾಚಿ, ನನ್ನಿಂದ ಬೈಸಿಕೊಂಡು ಹೋಗಿಬಿಟ್ಟಿದ್ದರು.

"ಅದು ತಪ್ಪಲ್ಲರೀ, ದೃಷ್ಟಿಬೊಟ್ಟು," ಎಂದೆ.

"ನಮ್ಮ ಮಂದಿಗೆ ಅದು ತಿಳಿಯಂಗಿಲ್ಲಮ್ಮಾ. ಮಗಳಿಗೆ ಐಬು ಇದ್ದದ್ದು ಕೊಟ್ಟಾನ ಅಂತಾರ," ಎಂದರು ಸಾಹೇಬರು. "ತಗದು ಬಿಳಿದು ಹಾಕಿಕೊಡ್ರಿ."

ಅವರು ಕೆಟ್ಟವರಲ್ಲ. ಗಿಟಾರ್ ಅವರದು, ಮಗಳು ಅವರವಳು. ಇದು ನನ್ನ ಗಂಡನ ಕೊನೆಯ ಕೆಲಸ, ನನಗೆಂದೇ ಮಾಡಿದ್ದು, ಹೀಗೇ ಇರಲಿ ಬಿಡಿ ಎಂದಿದ್ದರೆ ಬಿಡುತ್ತಿದ್ದರೋ ಏನೋ. ಗಂಡ ಹೆಂಡಿರ ನಡುವಿನದನ್ನು ರೈಲಿನವರ ಮುಂದೆ ಹೇಗೆ ಹೇಳುವುದು?

ಕಬ್ಬಿಣದ ಕಡ್ಡಿ ಕಾಸಿ ಅರಗು ಮೆತ್ತಗೆ ಮಾಡಿ, ಸೂಜಿಯಿಂದ ಎಬ್ಬಿಸಿದೆ. ಇಡಿಯಾಗಿ ಬಂದರೆ ಸಾಕು, ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತೇನೆ ಎಂದು ಮನೆದೇವರು ಮಲ್ಲಯ್ಯನನ್ನು ಬೇಡಿಕೊಂಡೆ. ಬರಲಿಲ್ಲ. ನನ್ನವರು ಕೂರಿಸಿದ್ದು ಯಾವತ್ತೂ ಹಾಗೆ ಎದ್ದು ಬರುವಂಥದ್ದಲ್ಲ. ಸೂಜಿಯ ತುದಿಯಲ್ಲೇ ಪುಡಿಯಾಯಿತು.

ಕೆಲಸದಲ್ಲಿ ಉದುರಿದ ಪುಡಿಯನ್ನು ನಾವು ಎಸೆಯುವುದಿಲ್ಲ, ಅರಗಿಗೆ ಕಲೆಸಿ ಸಂದು ತುಂಬುತ್ತೇವೆ. ಆ ಕಪ್ಪು ಪುಡಿಯನ್ನೂ ಅರಗಿಗೆ ಕಲೆಸಿ ಗುಣಿಯ ತಳಕ್ಕೆ ಹಾಕಿ, ಮೇಲೆ ಬಿಳಿ ಚಿಪ್ಪು ಕೂರಿಸಿ ಉಜ್ಜಿದೆ. ಸಾಹೇಬರು ತಂತಿ ಮೀಟಿ ನೋಡಿ, ಈಗ ಸರಿಯಾಯಿತು ಎಂದರು.

ಸಾಹೇಬರು ಹೋದ ಮೇಲೆ ಅತ್ತುಬಿಟ್ಟೆ. ಸಾವಿನ ದಿನವೂ ಅಷ್ಟು ಅತ್ತಿರಲಿಲ್ಲ. ಯಾರು ಯಾರದೋ ತಂಬೂರಿಗೆಲ್ಲ ಕಣ್ಣು ತಾಕದಿರಲೆಂದು ಬೊಟ್ಟಿಟ್ಟವಳು, ಆ ಮನುಷ್ಯನ ಕೆನ್ನೆಗೆ ಒಂದು ದಿನವೂ ಇಟ್ಟಿರಲಿಲ್ಲ.