ಎಪ್ಪತ್ತೊಂದರ ವಾಚು

ಕಳೆದ ತಿಂಗಳ ಎರಡನೇ ಶನಿವಾರ ಅಮ್ಮತ್ತಿ ಪೇಟೆಯಲ್ಲಿ ನಾನೊಂದು ಹಳೆಯ ಕೈಗಡಿಯಾರ ಕೊಂಡೆ. ದಿನಾ ಕೀ ಕೊಡಬೇಕಾದ ಜಾತಿಯದು. ಬಿಳಿ ಮುಖ ಸ್ವಲ್ಪ ಹಳದಿಗೆ ತಿರುಗಿದೆ, ಗಾಜಿನ ಮೇಲೆ ಒಂದು ಗೀರಿದೆ, ಹಿಂಬದಿಯ ಉಕ್ಕಿನ ಮುಚ್ಚಳದಲ್ಲಿ 1971 ಎಂದು ಕೆತ್ತಿದೆ. ಇಷ್ಟು ಖಚಿತ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಪತ್ರಿಕೆಯಲ್ಲಿ ನನ್ನ ಕೆಲಸ ಬೇರೆಯವರು ಬರೆದ ಸುದ್ದಿಯಲ್ಲಿ ಇಸವಿ, ವಯಸ್ಸು, ಊರಿನ ಹೆಸರು ಸರಿಯಿದೆಯೇ ಎಂದು ನೋಡುವುದು. ಭಾಗಮಂಡಲದ ಮಳೆಯ ಸುದ್ದಿಯಾಗಲಿ, ತಿತಿಮತಿಯ ಆನೆಯ ಸುದ್ದಿಯಾಗಲಿ, "ಇದನ್ನು ಯಾರು ಹೇಳಿದರು?" ಎಂದು ಕೇಳದೆ ಬಿಟ್ಟವನಲ್ಲ. ಹೊಸ ವರದಿಗಾರರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂಬುದು ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ.

ಅಂಥವನಿಗೆ ಒಂದು ಖಯಾಲಿ ಹತ್ತಿತು. ನಾನು ಹುಟ್ಟಿದ ವರ್ಷದ್ದೇ ವಾಚು ಬೇಕು, ಒಂದು ವರ್ಷ ಹಿಂದೆ ಮುಂದೆ ಆಗಬಾರದು. ನನ್ನಷ್ಟೇ ವಯಸ್ಸಾಗಿ ಇನ್ನೂ ಓಡುತ್ತಿರುವ ಯಂತ್ರವೊಂದನ್ನು ಕೈಗೆ ಕಟ್ಟಿಕೊಳ್ಳುವ ಆಸೆ. ಮಂಡಿ ನೋವು ಶುರುವಾದ ಮೇಲೆ ಇಂಥ ಆಸೆಗಳು ಬರುತ್ತವೆ. ನಿಮಗೂ ಬಂದಿರಬಹುದು.

ಅಮ್ಮತ್ತಿಯಲ್ಲಿ ವಾಚು ರಿಪೇರಿ ಮಾಡುವ ಮೊಯ್ದು ಅವರನ್ನು ಪೇಟೆಯೆಲ್ಲ ಮೊಯ್ದುಕ್ಕ ಎನ್ನುತ್ತದೆ. ಅವರ ಮನೆಮಾತಿನಲ್ಲಿ ಇಕ್ಕ ಎಂದರೆ ಅಣ್ಣ. ಎಸ್ಟೇಟ್ ಮನೆಗಳಿಂದ ಹಳೆಯ ವಾಚು ಬಂದಾಗಲೆಲ್ಲ ಅವರು ನನಗೆ ಫೋನು ಮಾಡುತ್ತಿದ್ದರು, ನಾನು ಹೋಗಿ ಬೇಡವೆನ್ನುತ್ತಿದ್ದೆ.

"ಸಾರ್, ಎಪ್ಪತ್ಮೂರು ಆಗ್ಬಹುದಾ? ಚೆಂದ ಉಂಟು."

"ಬೇಡ ಮೊಯ್ದುಕ್ಕ. ಎಪ್ಪತ್ತೊಂದೇ ಆಗಬೇಕು."

"ಎರಡು ವರ್ಷ ಸಣ್ಣ ಆದ್ರೆ ಒಳ್ಳೇದಲ್ವಾ ಸಾರ್? ಜನ ಅದಕ್ಕೇ ಅಲ್ವಾ ತಲೆಗೆ ಬಣ್ಣ ಹಾಕೋದು!"

ಆ ಶನಿವಾರ ಸಿಕ್ಕಿದ್ದು ಎಸ್ಟೇಟಿನ ರೈಟರ್ ಒಬ್ಬರಿಗೆ, ಎಂದರೆ ತೋಟದ ಲೆಕ್ಕ ಬರೆಯುವವರಿಗೆ, ಮಾಲೀಕರು ಇನಾಮಾಗಿ ಕೊಟ್ಟಿದ್ದ ವಾಚು. ಇಸವಿ ಕೆತ್ತಿಸಿದ್ದೂ ಅವರೇ. "ಒಂದು ವಾರ ಕಟ್ಟಿ ನೋಡಿ. ಮನಸ್ಸಿಗೆ ಆಗದಿದ್ರೆ ವಾಪಸ್ ತನ್ನಿ," ಎಂದರು ಮೊಯ್ದುಕ್ಕ. ಕುಶಾಲನಗರದ ಹತ್ತಿರದ ನಮ್ಮ ಊರಿಗೆ ಬರುವವರೆಗೂ ಬಸ್ಸು ನಿಂತಲ್ಲೆಲ್ಲ ವಾಚನ್ನು ಕಿವಿಗೆ ಹಿಡಿದೆ. ಪಕ್ಕದಲ್ಲಿದ್ದವರು ಕಿವಿನೋವೇ ಎಂದು ಕೇಳಿದರು.

ಮನೆಯಲ್ಲಿ ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಹಾಸನದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಮಾತು ಮಾತ್ರ ಇನ್ನೂ ಅಲ್ಲಿನದೇ. ವಾಚು ಕೊಟ್ಟು, ಹಿಂಬದಿಯ ಇಸವಿ ತೋರಿಸಿ, "ನಾನು ಹುಟ್ಟಿದ ವರ್ಷದ್ದು ಅವ್ವ," ಎಂದೆ.

ಅವ್ವ ಕನ್ನಡಕ ಏರಿಸಿ ನೋಡಿದಳು. "ಎಪ್ಪತ್ತೊಂದಾ? ಆವಾಗ ನೀನೆಲ್ಲಿದ್ಯಲಾ?"

"ಜೂನ್ ಒಂದಕ್ಕೆ ಹುಟ್ಟಿದೆನಲ್ಲ."

"ಅದು ಮೇಷ್ಟ್ರು ಹುಟ್ಸಿದ್ದು ಕಣ್ಲಾ!"

ನನ್ನ ಹೆಂಡತಿ ಒಳಗಿನಿಂದ ಓಡಿಬಂದಳು. ಅವ್ವನ ವರದಿ ಹೀಗಿತ್ತು. ನಮ್ಮೂರ ಶಾಲೆಯಲ್ಲಿ ಆಗ ವಯಸ್ಸು ನೋಡುತ್ತಿದ್ದದ್ದು ಕೈಯಿಂದ. ಬಲಗೈ ನೆತ್ತಿಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಅರ್ಥ. ಉದ್ದ ಕೈಯ ನಾನು ಐದಕ್ಕೇ ಕಿವಿ ಹಿಡಿದುಬಿಟ್ಟೆ. ಮೇಷ್ಟ್ರು ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ತರಗತಿಯಲ್ಲಿ ಮುಕ್ಕಾಲು ಮಂದಿ ಅದೇ ದಿನ ಹುಟ್ಟಿದವರು. ಇದರಲ್ಲಿ ಸುದ್ದಿಯಿದೆಯೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

"ಸರಿಯಾಗಿ ನೆನಪು ಮಾಡ್ಕೊ ಅವ್ವ," ಎಂದೆ, ಕಚೇರಿಯ ದನಿಯಲ್ಲಿ. "ಯಾರು ಹೇಳಿದ್ದು?"

"ಹೆತ್ತೋಳು ಹೇಳ್ತಾವ್ಳೆ! ಬಚ್ಚಲಿಗೋಗಿ ಕೊಳಗ ನೋಡ್ಕೊಂಡ್ ಬಾ."

ಅವ್ವನ ತವರಿನವರು ಮದುವೆಗೆ ಕೊಟ್ಟ ತಾಮ್ರದ ಕೊಳಗ ಅದು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವ್ವನ ಹೆಸರು, ಪಕ್ಕದಲ್ಲಿ ೧೯೭೧. ಬುದ್ಧಿ ಬಂದಾಗಿನಿಂದ ಅದರ ನೀರಲ್ಲೇ ಸ್ನಾನ ಮಾಡುತ್ತಿದ್ದೇನೆ.

"ಯುಗಾದಿ ಕಳ್ದು ನನ್ ಮದ್ವೆ. ಜೂನಲ್ಲಿ ನೀನುಟ್ಟಿದ್ರೆ ನಿಮ್ ತಾತ ನನ್ನ ಸುಮ್ನೆ ಬಿಡ್ತಿದ್ನಾ? ನೀನುಟ್ಟಿದ್ದು ಮುಂದಿನ್ ಶಿವರಾತ್ರಿ ಆದ್ಮೇಲೆ."

ಹೆಂಡತಿ ಬಾಗಿಲಿಗೆ ಒರಗಿ ನಗುತ್ತಿದ್ದಳು. "ಹಂಗಾದ್ರೆ ಐವತ್ತು ತುಂಬಿತು ಅಂತ ಊರಿಗೆಲ್ಲ ಊಟ ಹಾಕ್ಸಿದ್ದು ನಲವತ್ತೊಂಬತ್ತಕ್ಕಾ?" ಎಂದಳು. ಅವ್ವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಕೊನೆಗೆ ನನಗೂ. ಜಗಲಿಯ ಮೇಲೆ ಕೂತಲ್ಲೇ ಒಂದು ವರ್ಷ ಕಿರಿಯನಾಗಿದ್ದೆ, ಅದೂ ತಲೆಗೆ ಬಣ್ಣ ಹಾಕದೆ.

ಆದರೂ ವಾಚು ತಪ್ಪು ವರ್ಷದ್ದಾಯಿತಲ್ಲ. ನಗು ನಿಂತ ಮೇಲೆ ಅದೇ ಕೊರೆಯಿತು. "ಸೋಮವಾರ ವಾಪಸ್ ಕೊಟ್ಟು ಬರ್ತೀನಿ," ಎಂದು ಕೈ ಚಾಚಿದೆ. ಅವ್ವ ಕೊಡಲಿಲ್ಲ. ಕೀ ತಿರುಗಿಸಿ ಕಿವಿಗಿಟ್ಟುಕೊಂಡಳು.

"ಚಪ್ರದಲ್ಲಿ ನಿಮ್ಮಪ್ಪಂಗೆ ವಾಚ್ ಕಟ್ಟಿದ್ರು," ಎಂದಳು. "ನಮ್ಮಪ್ಪ ಹಾಸನಕ್ಕೋಗಿ ತಂದಿದ್ದು. ಗಂಡಿಗೆ ವಾಚು, ಉಂಗ್ರ. ನಂಗೆ ಕೊಳಗ. ನಾನೂ ಒಂದ್ಸಲ ಕಟ್ಕೊತೀನಿ ಅಂದಿದ್ಕೆ ನಿಮ್ಮಪ್ಪ, ಹೆಂಗಸ್ರಿಗೆ ಟೈಮ್ ಯಾಕೆ ಅಂದ್ಬುಟ್ರು."

ಅಪ್ಪನ ಆ ವಾಚು ನನಗೆ ನೆನಪಿದೆ. ಅದನ್ನು ಅವ್ವ ಕೇಳಿದ್ದಳೆಂಬುದು ಅಂದೇ ತಿಳಿದದ್ದು.

"ವಾಪಸ್ ಯಾಕ್ಲಾ ಕೊಡ್ತೀಯ? ಎಪ್ಪತ್ತೊಂದು ನಿಂದಲ್ದಿದ್ರೆ ಏನಾಯ್ತು, ನಂದು."

ಬೆಲ್ಟು ಅವ್ವನ ಕೈಗೆ ಸಡಿಲ. ಬಳೆಯ ಮೇಲೆ ಏರಿಸಿದರೂ ಮೊಣಕೈವರೆಗೆ ಜಾರುತ್ತಿತ್ತು. ಸೋಮವಾರ ಅಮ್ಮತ್ತಿಗೆ ಅವ್ವನನ್ನೇ ಕರೆದುಕೊಂಡು ಹೋದೆ. ಮೊಯ್ದುಕ್ಕ ಅಳತೆ ನೋಡಿ ಬೆಲ್ಟಿಗೆ ಹೊಸ ತೂತು ಹಾಕಿ, "ಉಮ್ಮ, ಟೈಟ್ ಆಯ್ತಾ?" ಎಂದು ತಮ್ಮ ತಾಯಿಯನ್ನು ಕರೆದಂತೆ ಕೇಳಿದರು. "ಇರ್ಲಿ ಬುಡಪ್ಪ, ಟೈಟಾಗೇ ಇರ್ಲಿ," ಎಂದಳು ಅವ್ವ. ವಾಪಸು ಬರುವಾಗ ಬಸ್ಸಿನಲ್ಲಿ ಯಾರಾದರೂ ಗಂಟೆ ಕೇಳುತ್ತಾರೇನೋ ಎಂದು ಕೈಯನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಯಾರೂ ಕೇಳಲಿಲ್ಲ. ನಾನೇ ಎರಡು ಸಲ ಕೇಳಿದೆ.

ಮೊನ್ನೆ ಮೊಯ್ದುಕ್ಕನ ಫೋನು ಬಂದಿತ್ತು. ಎಪ್ಪತ್ತೆರಡರದ್ದೊಂದು ಸಿಕ್ಕಿದೆ, ಸದ್ಯಕ್ಕೆ ಓಡುತ್ತಿಲ್ಲ. ಇಟ್ಟಿರಲು ಹೇಳಿದ್ದೇನೆ. ನಮ್ಮ ಮನೆಯಲ್ಲಿ ಈಗ ಊಟಕ್ಕೆ ಕೂರುವುದು ಅವ್ವನ ವಾಚಿನ ಪ್ರಕಾರ. ಅದು ಐದು ನಿಮಿಷ ಹಿಂದಿದೆ.